ಹೂಂಗುಟ್ಟುವ ಪೆಟ್ಟಿಗೆ

“ಏಕಾದಶಿ ಯಾವತ್ತು?”

ಎರಡೇ ಪದದ ಈ ಪ್ರಶ್ನೆಯನ್ನು ಕನ್ನಡದಲ್ಲಿ ಎಷ್ಟು ಥರ ಕೇಳಬಹುದು ಅಂತ ಯಾವತ್ತಾದರೂ ಎಣಿಸಿದ್ದೀರಾ? ನಾನು ಎಣಿಸಿದ್ದೇನೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿ ಮೂರನೆಯದಕ್ಕೆ ಹೋಗಿದೆ. ಏಕಾದಶಿ ಯಾವಾಗ ಬರುತ್ತೆ, ನಾಳೆ ಏಕಾದಶೀನಾ, ಉಪವಾಸ ನಾಳೇನೋ ನಾಡಿದ್ದೋ, ಈ ಸಲ ಯಾವ ವಾರ ಬಿತ್ತು, ಹುಣ್ಣಿಮೆ ಆಗಿ ಎಷ್ಟು ದಿನ ಆಯ್ತು... ಇವೆಲ್ಲ ಯಾರಿಗಾದರೂ ಹೊಳೆಯುತ್ತವೆ. ಆದರೆ “ದೋಸೆಗೆ ಅಕ್ಕಿ ನೆನೆಹಾಕಬಹುದಾ?” ಅನ್ನೋದೂ ಅದೇ ಪ್ರಶ್ನೆ! ನಾಳೆ ಏಕಾದಶಿ ಅಂದ ಮೇಲೆ ಮನೆಯಲ್ಲಿ ದೋಸೆ ತಿನ್ನೋರು ಯಾರು?

ಹೀಗೆ ಪಟ್ಟಿ ಮಾಡೋದು ನನ್ನ ಹವ್ಯಾಸ ಅಲ್ಲ, ಹೊಟ್ಟೆಪಾಡು. ಮಾತಾಡುವ ಪೆಟ್ಟಿಗೆಗಳಿಗೆ ಆಪ್ ಬರೆಯೋದು ನನ್ನ ಕೆಲಸ. “ಅಲೆಕ್ಸಾ, ಹಾಗೆ ಮಾಡು”, “ಗೂಗಲ್, ಹೀಗೆ ಮಾಡು” ಅಂತೀರಲ್ಲ, ಅದರ ಹಿಂದೆ ಕೂತು ಯಾರು ಏನಂತ ಕೇಳಬಹುದು, ಅದಕ್ಕೆ ಏನು ಹೇಳಬೇಕು ಅಂತ ತಲೆ ಕೆಡಿಸಿಕೊಳ್ಳುವ ಜಾತಿ ನಮ್ಮದು. “ಏನು ಕೆಲಸ ಮಾಡ್ತೀಯಪ್ಪ?” ಅಂತ ಊರಲ್ಲಿ ಯಾರಾದರೂ ಕೇಳಿದರೆ “ಪೆಟ್ಟಿಗೆಗೆ ಮಾತು ಕಲಿಸ್ತೀನಿ” ಅಂತೀನಿ. “ಅಷ್ಟಕ್ಕೂ ಸಂಬಳ ಕೊಡ್ತಾರಾ?” ಅನ್ನೋದು ಮುಂದಿನ ಪ್ರಶ್ನೆ :-)

ಆಫೀಸಿನಲ್ಲಿ ಇಂಗ್ಲಿಷಿಗೆ ಬರೆದದ್ದು ಬೇಕಾದಷ್ಟಿದೆ. ಇಲ್ಲಿ ಹೇಳಹೊರಟಿದ್ದು ಕನ್ನಡಕ್ಕೆ, ಅದೂ ಒಬ್ಬರೇ ಒಬ್ಬರಿಗಾಗಿ, ರಜಾದಿನಗಳಲ್ಲಿ ಕೂತು ಬರೆದ ಒಂದು ಪುಟ್ಟ ಆಪ್ ಬಗ್ಗೆ. ಆಫೀಸಿನ ಅಷ್ಟೂ ವರ್ಷ ಕಲಿಸದ್ದನ್ನು ಅದು ಕಲಿಸಿತು. ಅದಕ್ಕೇ ಈ ಪುರಾಣ.

* * *

ಮೊದಲು ಈ ಆಪ್‌ಗಳ ಒಳಗೆ ಏನಿರುತ್ತೆ ಅಂತ ಚುಟುಕಾಗಿ ಹೇಳಿಬಿಡ್ತೀನಿ. ಗೊತ್ತಿರೋರು ಮುಂದಿನ ಚುಕ್ಕಿಗಳಿಗೆ ಹಾರಿಬಿಡಿ.

ಮಾತಾಡುವ ಪೆಟ್ಟಿಗೆಗೆ ಒಂದು ಕಿವಿ, ಒಂದು ತಲೆ, ಒಂದು ಬಾಯಿ. ಕಿವಿ ನೀವಾಡಿದ್ದನ್ನು ಕೇಳಿ ಅಕ್ಷರ ಮಾಡುತ್ತೆ. ತಲೆ ಆ ಅಕ್ಷರಗಳನ್ನು ನೋಡಿ ನಿಮಗೇನು ಬೇಕು ಅಂತ ಊಹಿಸುತ್ತೆ. ಬಾಯಿ ಉತ್ತರವನ್ನು ಓದಿ ಹೇಳುತ್ತೆ. ಕಿವಿ, ಬಾಯಿ ಎರಡೂ ಕಂಪನಿಯವರದ್ದು. ನಮ್ಮಂಥ ಹೊರಗಿನವರ ಪಾಲಿಗೆ ಬರೋದು ತಲೆ ಮಾತ್ರ, ಅದೂ ಅರ್ಧ.

ಆ ಅರ್ಧ ತಲೆಯಲ್ಲಿ ನಾವು ತುಂಬೋದು ಮೂರು ಬಗೆಯ ಸಾಮಾನು. ಒಂದು, ಕೇಳುವವರ ಉದ್ದೇಶ. ಅದನ್ನು ಇಂಟೆಂಟ್ ಅಂತಾರೆ. ಎರಡು, ಆ ಉದ್ದೇಶವನ್ನು ಜನ ಯಾವ್ಯಾವ ವಾಕ್ಯದಲ್ಲಿ ಹೇಳಬಹುದು ಅನ್ನುವ ಮಾದರಿಗಳು. ಮೂರು, ಆ ವಾಕ್ಯಗಳ ನಡುವಿನ ಖಾಲಿ ಜಾಗಗಳು, ಅಂದರೆ ಸ್ಲಾಟು. “ನಾಳೆ ಬೆಳಗ್ಗೆ ಆರಕ್ಕೆ ಏರ್‌ಪೋರ್ಟಿಗೆ ಟ್ಯಾಕ್ಸಿ ಬೇಕು” ಅಂದರೆ ಟ್ಯಾಕ್ಸಿ ಬೇಕು ಅನ್ನೋದು ಉದ್ದೇಶ. ನಾಳೆ, ಆರು ಗಂಟೆ, ಏರ್‌ಪೋರ್ಟು ಈ ಮೂರೂ ಸ್ಲಾಟು. ಯಾವುದಾದರೂ ಸ್ಲಾಟು ಖಾಲಿ ಉಳಿದರೆ ಪೆಟ್ಟಿಗೆ ತಿರುಗಿ ಕೇಳಬೇಕು: “ಎಷ್ಟು ಗಂಟೆಗೆ?” ಸಂಭಾಷಣೆ ಅಂತ ನಾವು ದೊಡ್ಡ ಹೆಸರಿಟ್ಟು ಕರೆಯೋದು ಇದನ್ನೇ. ಹತ್ತಿರದಿಂದ ನೋಡಿದರೆ ಬ್ಯಾಂಕಿನ ಅರ್ಜಿ ಫಾರಂ ಮಾತಾಡಿದ ಹಾಗಿರುತ್ತೆ!

ಇದೇನೂ ನಿನ್ನೆ ಮೊನ್ನೆಯ ಕಸುಬಲ್ಲ. 1966ರಲ್ಲೇ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಅನ್ನೋರು ಎಲಿಜಾ ಅಂತ ಒಂದು ಪ್ರೋಗ್ರಾಮನ್ನು ಲೋಕಕ್ಕೆ ತೋರಿಸಿದರು. ಅದಕ್ಕೆ ಮಾತು ಬರುತ್ತಿರಲಿಲ್ಲ, ಟೈಪ್ ಮಾಡಬೇಕಿತ್ತು. ನೀವು “ನನಗೆ ಬೇಜಾರಾಗಿದೆ” ಅಂದರೆ ಅದು “ಎಷ್ಟು ದಿನದಿಂದ ಬೇಜಾರಾಗಿದೆ?” ಅನ್ನುವ ಧಾಟಿಯಲ್ಲಿ ನಿಮ್ಮ ಮಾತನ್ನೇ ತಿರುಗಿಸಿ ಕೇಳೋದು. ಅರ್ಥ ಮಾತ್ರ ಸೊನ್ನೆ. ಆಮೇಲೆ ಫೋನಿನಲ್ಲಿ “ಕನ್ನಡಕ್ಕಾಗಿ ಒಂದನ್ನು ಒತ್ತಿ” ಬಂತು. ಅಮೆಜಾನಿನ ಎಕೋ ಪೆಟ್ಟಿಗೆ 2014ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಂತು. ಹೊರಗಿನವರೂ ಅಲೆಕ್ಸಾಗೆ ‘ಸ್ಕಿಲ್’ ಬರೆಯಬಹುದು ಅಂತಾಗಿದ್ದು 2015ರಲ್ಲಿ. ಭಾರತಕ್ಕೆ ಎಕೋ ಕಾಲಿಟ್ಟಿದ್ದು 2017ರ ಅಕ್ಟೋಬರಿನಲ್ಲಿ, ಇಂಗ್ಲಿಷ್ ಮಾತಾಡಿಕೊಂಡು. 2019ರಲ್ಲಿ ಹಿಂದಿ ಕಲಿಯಿತು. ಗೂಗಲ್ ಅಸಿಸ್ಟೆಂಟಿಗೂ ಹೊರಗಿನವರು ಇಂಥ ಆಪ್‌ಗಳನ್ನು ಬರೆಯಬಹುದಿತ್ತು. ಆ ಬಾಗಿಲನ್ನು ಗೂಗಲ್ 2023ರ ಜೂನ್ 13ಕ್ಕೆ ಮುಚ್ಚಿತು.

ಕೋಡು ಇವತ್ತಿದ್ದು ನಾಳೆ ಹೋಗುತ್ತೆ. ಜನ ಹೇಗೆ ಕೇಳ್ತಾರೆ ಅನ್ನುವ ಪಟ್ಟಿ ಇದೆಯಲ್ಲ, ಅದೊಂದು ಉಳಿಯುತ್ತೆ.

* * *

ಈಗ ಕತೆಗೆ ಬರೋಣ. ಹಾಸನದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಗ್ಲಾಕೋಮಾ. ನಿಧಾನಕ್ಕೆ ಸುತ್ತಲಿನಿಂದ ಕತ್ತಲು ಬಂದು, ಈಗ ಬೆಳಕು ಯಾವ ಕಡೆ ಇದೆ ಅಂತ ಮಾತ್ರ ಗೊತ್ತಾಗುತ್ತೆ. ಕಣ್ಣಿದ್ದಾಗ ಇಡೀ ವಠಾರಕ್ಕೆ ಪಂಚಾಂಗ ನೋಡಿ ಹೇಳುತ್ತಿದ್ದವರು ಅವರು. ತಮ್ಮದು ಮಠದ ಪಂಚಾಂಗ, ಪಕ್ಕದ ಮನೆಯವರದ್ದು ಒಂಟಿಕೊಪ್ಪಲ್ ಪಂಚಾಂಗ. ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, “ನಮಗೆ ನಾಳೆ, ನಿಮಗೆ ಇವತ್ತೇ” ಅಂತ ತೀರ್ಪು ಕೊಡೋರು.

ಈಗ ಅದನ್ನೇ ಅವರು ಇನ್ನೊಬ್ಬರನ್ನು ಕೇಳಬೇಕು. ಅತ್ತಿಗೆ ಒಳ್ಳೆಯವರು, ಕೇಳಿದಾಗಲೆಲ್ಲ ಹೇಳ್ತಾರೆ. ಆದರೆ ಬೆಳಗ್ಗೆ ಒಂದು ಸಲ ಕೇಳಿದ್ದನ್ನು ಮಧ್ಯಾಹ್ನ ಮರೆತು ಮತ್ತೆ ಕೇಳೋಕೆ ದೊಡ್ಡಮ್ಮನಿಗೆ ಸಂಕೋಚ. “ಎಷ್ಟು ಸಲ ಅಂತ ಕೇಳೋದು ಹೇಳು, ಅವಳಿಗೂ ಕೆಲಸ ಇರುತ್ತೆ” ಅಂತ ನನಗೆ ಫೋನ್ ಮಾಡೋರು. ನೀರು ಎಲ್ಲಿದೆ, ಗಂಟೆ ಎಷ್ಟು, ಯಾರು ಬಂದಿದ್ದು ಅಂತ ದಿನವಿಡೀ ಎಲ್ಲದಕ್ಕೂ ಹಂಗಿನಲ್ಲಿರುವವರಿಗೆ, ಹಂಗಿಲ್ಲದೆ ಹತ್ತು ಸಲ ಕೇಳಬಹುದಾದದ್ದು ಒಂದಾದರೂ ಇರಲಿ ಅನ್ನಿಸಿತು. ಅಲೆಕ್ಸಾ ಸ್ಕಿಲ್ಲನ್ನು ನಮ್ಮ ದೇಶದ ಭಾಷೆಗಳಲ್ಲಿ ಬರೆಯೋಕೆ ಇರೋದು ಇಂಗ್ಲಿಷು ಮತ್ತು ಹಿಂದಿ. ದೊಡ್ಡಮ್ಮನಿಗೆ ಎರಡೂ ದೂರ. ಹಾಗಾಗಿ ಒಂದು ಹಳೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಂಡೆ. ಅದರಲ್ಲಿ ಕನ್ನಡ ಕೇಳುವ ಕಿವಿಯೂ ಇತ್ತು, ಕನ್ನಡ ಓದುವ ಬಾಯಿಯೂ ಇತ್ತು. ನಡುವಿನ ತಲೆ ಮಾತ್ರ ನಾನು ಮಾಡಬೇಕಿತ್ತು.

ಕೋಡು ಮುಟ್ಟುವ ಮುಂಚೆ ಅತ್ತಿಗೆಗೆ ಒಂದು ಕೆಲಸ ಹಚ್ಚಿದೆ. ಒಂದು ತಿಂಗಳು ದೊಡ್ಡಮ್ಮ ದಿನ, ತಿಥಿ, ಹಬ್ಬ ಅಂತ ಏನೇ ಕೇಳಿದರೂ ಅವರ ಮಾತಿನಲ್ಲೇ, ತಿದ್ದದೆ, ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಡಿ ಅಂತ. ನಮ್ಮ ಕಸುಬಿನಲ್ಲಿ ಯಂತ್ರದ ಜಾಗದಲ್ಲಿ ಮನುಷ್ಯರನ್ನೇ ಕೂರಿಸಿ ಪರೀಕ್ಷೆ ಮಾಡುವ ಒಂದು ಪದ್ಧತಿ ಇದೆ. ಪರದೆಯ ಹಿಂದೆ ಕೂತು ಮಾಂತ್ರಿಕನಂತೆ ನಟಿಸುವವನ ಕತೆಯಿಂದಾಗಿ ಅದಕ್ಕೆ ವಿಜರ್ಡ್ ಆಫ್ ಓಜ್ ಅಂತಲೇ ಹೆಸರು. ನಮ್ಮನೆಯ ಮಾಂತ್ರಿಕ ಅತ್ತಿಗೆ. ಅಕ್ಕಿ ನೆನೆಹಾಕುವ ಪ್ರಶ್ನೆ ಸಿಕ್ಕಿದ್ದು ಆ ಕ್ಯಾಲೆಂಡರಿನ ಬೆನ್ನ ಮೇಲೇ. ಆಫೀಸಿನ ಮೀಟಿಂಗ್ ರೂಮಿನಲ್ಲಿ ನಾಲ್ಕು ಜನ ಕೂತು ನಾಲ್ಕು ದಿನ ಯೋಚಿಸಿದ್ದರೂ ಅದು ಹೊಳೆಯುತ್ತಿರಲಿಲ್ಲ.

* * *

ಇನ್ನು ಶುರುವಾಯಿತು ನೋಡಿ ಕನ್ನಡದ ಆಟ!

ಇಂಗ್ಲಿಷಿನಲ್ಲಿ ಸ್ಲಾಟಿಗೆ ಬೀಳುವ ಪದ ಬಿಡಿಯಾಗಿ ನಿಂತಿರುತ್ತೆ, ಹೆಕ್ಕಿಕೊಳ್ಳೋದು ಸುಲಭ. ನಮ್ಮಲ್ಲಿ ಪದ ಬಾಲ ಅಂಟಿಸಿಕೊಂಡೇ ಬರುತ್ತೆ. ನಾಳೆ ಅನ್ನೋದು ನಾಳೇನಾ, ನಾಳೇನೇ, ನಾಳೆಗೆ, ನಾಳೇದು, ನಾಳೆಯಂತೆ, ನಾಳೇನೋ ಏನೋ ಆಗುತ್ತೆ. ಆ ಬಾಲದಲ್ಲೇ ಪ್ರಶ್ನೆ ಇರೋದು, ಅನುಮಾನ ಇರೋದು. “ಏಕಾದಶಿ ನಾಳೆ” ಅಂದರೆ ಹೇಳಿಕೆ. “ಏಕಾದಶಿ ನಾಳೇನಾ” ಅಂದರೆ ಪ್ರಶ್ನೆ. “ಏಕಾದಶಿ ನಾಳೆಯಂತೆ” ಅಂದರೆ ಯಾರೋ ಹೇಳಿದರು, ನಿಜವೋ ಸುಳ್ಳೋ ನೀನು ಹೇಳು ಅಂತ. ಕೊನೆಯ ಒಂದೆರಡು ಅಕ್ಷರ ಕಿವಿಗೆ ತಪ್ಪಿದರೆ ಇಡೀ ಮಾತಿನ ಅರ್ಥವೇ ಬೇರೆ. ಹಾಗಾಗಿ ಪದ ಹುಡುಕೋದನ್ನು ಬಿಟ್ಟು ಬುಡ, ಬಾಲ ಎರಡನ್ನೂ ಬೇರೆ ಬೇರೆ ಗುರುತಿಸುವ ಹಾಗೆ ಬರೆಯಬೇಕಾಯಿತು.

ಇನ್ನೊಂದು ತಮಾಷೆ, ಕಾಲ. “ಈ ಸಲ ಏಕಾದಶಿ ಯಾವತ್ತು ಬಂತು?” ಅಂತ ಕೇಳ್ತೀವಲ್ಲ, ವ್ಯಾಕರಣದ ಪ್ರಕಾರ ಅದು ಭೂತಕಾಲ. ಕೇಳ್ತಿರೋದು ಮಾತ್ರ ಮುಂದೆ ಬರೋದರ ಬಗ್ಗೆ! ಶಾಲೆಯಲ್ಲಿ ಕಲಿತ ವ್ಯಾಕರಣ ನಂಬಿಕೊಂಡು ಪ್ರೋಗ್ರಾಮ್ ಬರೆದರೆ ಅದು ಹೋದ ಏಕಾದಶಿಯ ತಾರೀಕು ಹುಡುಕಿಕೊಂಡು ಹಿಂದಕ್ಕೆ ಹೊರಟುಬಿಡುತ್ತೆ. ನಮ್ಮ ಪಾಲಿಗೆ ಹಬ್ಬ ಅನ್ನೋದು ಪಂಚಾಂಗದಲ್ಲಿ ಆಗಲೇ ‘ಬಂದು’ ಕೂತಿರುತ್ತೆ, ನಾವಷ್ಟೇ ಅಲ್ಲಿಗೆ ಹೋಗಿ ಮುಟ್ಟೋದು.

ಹೌದು, ಇಲ್ಲಗಳ ಗೋಳು ಇನ್ನೂ ದೊಡ್ಡದು. ಅಲೆಕ್ಸಾದಲ್ಲಿ ಹೌದು ಅನ್ನೋಕೆ ಒಂದು ರೆಡಿಮೇಡ್ ಇಂಟೆಂಟ್, ಇಲ್ಲ ಅನ್ನೋಕೆ ಇನ್ನೊಂದು. ಕನ್ನಡದಲ್ಲಿ ‘ನೋ’ ಒಂದಲ್ಲ, ಮೂರು: ಇಲ್ಲ, ಅಲ್ಲ, ಬೇಡ. ಏಕಾದಶಿ ಇದೆಯಾ ಅಂದರೆ ಇಲ್ಲ, ನಾಳೇನಾ ಅಂದರೆ ಅಲ್ಲ, ಹೇಳಲಾ ಅಂದರೆ ಬೇಡ. ಹೌದು ಅನ್ನೋದನ್ನಂತೂ ನಾವು ಹೇಳೋದೇ ಕಡಿಮೆ. “ಪಾರಣೆ ಸಮಯ ಹೇಳಲಾ?” ಅಂದರೆ ದೊಡ್ಡಮ್ಮ “ಹೌದು” ಅಂತಾರಾ? “ಹೇಳು” ಅಂತಾರೆ. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಕೊಡ್ತೀವಿ ನಾವು. ಅಂದರೆ ಹೌದು ಅನ್ನೋದರ ರೂಪ ಪ್ರತಿ ಪ್ರಶ್ನೆಗೂ ಬೇರೆ. ಅದೂ ಅಲ್ಲದಿದ್ದರೆ ಬರೀ “ಹೂಂ”. ‘ಹೂಂ’ ಅಂದರೆ ಹೌದು, ‘ಉಹೂಂ’ ಅಂದರೆ ಇಲ್ಲ. ನಾನು ಬಳಸಿದ ಕಿವಿಗೆ ಎರಡೂ ಒಂದೇ: ಕೆಮ್ಮು, ನಿಟ್ಟುಸಿರಿನ ಥರದ ಸದ್ದು ಅಂತ ಎರಡನ್ನೂ ಎಸೆದುಬಿಡೋದು. ಆದ್ದರಿಂದ ಪೆಟ್ಟಿಗೆ ಕೇಳುವ ಪ್ರಶ್ನೆಯನ್ನೇ ಬದಲಾಯಿಸಿದೆ. “ಹೇಳಲೋ, ಬೇಡವೋ?” ಅಂತ ಕೇಳಿದರೆ ಉತ್ತರ “ಹೇಳು” ಅಥವಾ “ಬೇಡ”. ಎರಡೂ ಗಟ್ಟಿ ಪದ, ಕಿವಿಗೆ ಸಿಕ್ಕುತ್ತೆ. ಜನರನ್ನು ತಿದ್ದೋಕೆ ಹೋಗಬಾರದು, ಪ್ರಶ್ನೆಯನ್ನು ತಿದ್ದಿಕೊಳ್ಳಬೇಕು. ಈ ಕಸುಬಿನ ಅರ್ಧ ಗುಟ್ಟು ಇಷ್ಟೇ.

ಬಾಯಿಗೂ ಕಲಿಸಬೇಕಾದದ್ದಿತ್ತು. ಪರದೆಯ ಮೇಲಾದರೆ ಬೇಡದ್ದನ್ನು ಕಣ್ಣು ಹಾರಿಸಿಕೊಂಡು ಹೋಗುತ್ತೆ, ಕಿವಿಗೆ ಆ ಸೌಲಭ್ಯ ಇಲ್ಲ. ಪಂಚಾಂಗ ಅಂದರೆ ಐದು ಅಂಗ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಐದನ್ನೂ ಒದರಿದರೆ ಕೇಳಿದ್ದು ಯಾವುದು ಅನ್ನೋದೇ ಮರೆತುಹೋಗುತ್ತೆ. ಕೇಳಿದ್ದೊಂದು, ಅದಕ್ಕೆ ಅಂಟಿಕೊಂಡು ಬೇಕಾಗೋದು ಇನ್ನೊಂದು, ಅಲ್ಲಿಗೆ ಬಾಯಿ ಮುಚ್ಚಬೇಕು. “18:45” ಅಂತ ಓದಬಾರದು, “ಸಂಜೆ ಆರೂ ಮುಕ್ಕಾಲು” ಅನ್ನಬೇಕು. ಕಾಲು, ಅರೆ, ಮುಕ್ಕಾಲಿಗೆ ಬರದ ನಿಮಿಷಗಳನ್ನು ಹತ್ತಿರದ್ದಕ್ಕೆ ಎಳೆಯಬಹುದು, ಆದರೆ ಪಾರಣೆಯ ವಿಷಯದಲ್ಲಿ ಹುಷಾರು. ಸಾಧನ ದ್ವಾದಶಿಯ ದಿನ ಬೆಳಗ್ಗೆ ಸೂರ್ಯೋದಯವಾದ ಮೇಲೆ ದ್ವಾದಶಿ ಉಳಿದಿರೋದೇ ಸ್ವಲ್ಪ ಹೊತ್ತು, ಅಷ್ಟರೊಳಗೆ ಊಟ ಆಗಬೇಕು. ಅಲ್ಲಿ ಐದು ನಿಮಿಷ ಮುಂದಕ್ಕೆ ಎಳೆದು ಹೇಳಿದರೆ ಒಂದು ದಿನದ ಉಪವಾಸಕ್ಕೇ ಭಂಗ. ಹಾಗಾಗಿ ಗಡುವನ್ನು ಯಾವಾಗಲೂ ಹಿಂದಕ್ಕೇ ಎಳೀಬೇಕು.

ಉತ್ತರದ ಸತ್ಯ ಎಲ್ಲಿಂದ ಬರಬೇಕು ಅನ್ನೋದೂ ಸಣ್ಣ ವಿಷಯ ಅಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ಓಟ ಒಂದೇ ಸಮ ಇರೋಲ್ಲ, ಆದ್ದರಿಂದ ತಿಥಿ ಹೆಚ್ಚುಕಮ್ಮಿ 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗುತ್ತೆ, ಕುಗ್ಗುತ್ತೆ. ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತೋ ಆ ದಿನಕ್ಕೆ ಅದೇ ಹೆಸರು. ಏಕಾದಶಿಗೆ ಅಷ್ಟೇ ಸಾಲದು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ ಅರುಣೋದಯ. ಆ ಹೊತ್ತಿಗೆ ಇನ್ನೂ ದಶಮಿ ಇದ್ದರೆ ವೈಷ್ಣವರು ಮಾರನೆಯ ದಿನ ಉಪವಾಸ ಮಾಡ್ತಾರೆ. ದೊಡ್ಡಮ್ಮ “ನಮಗೆ ನಾಳೆ, ನಿಮಗೆ ಇವತ್ತೇ” ಅಂತಿದ್ದರಲ್ಲ, ಅದರ ಒಳಗುಟ್ಟು ಇದು. ಅಮೆರಿಕದಲ್ಲಿರುವ ಅವರ ಕಿರಿಮಗನಿಗಂತೂ ಸೂರ್ಯೋದಯವೇ ಬೇರೆ, ತಾರೀಕೂ ಬೇರೆಯಾಗಬಹುದು. ಇದನ್ನೆಲ್ಲ ಲೆಕ್ಕ ಹಾಕುವ ಸಾಫ್ಟ್‌ವೇರ್ ಸಿಗುತ್ತೆ. ನಾನು ಲೆಕ್ಕ ಹಾಕಲಿಲ್ಲ. ಮನೆಯಲ್ಲಿರುವ ಮಠದ ಪಂಚಾಂಗ ನೋಡಿ ಇಡೀ ವರ್ಷದ್ದನ್ನು ಕೈಯಾರೆ ಟೈಪ್ ಮಾಡಿದೆ. ಗಣಿತದ ಪದ್ಧತಿ ಬೇರೆಯಾದರೆ ಉತ್ತರವೂ ಅಷ್ಟಿಷ್ಟು ಬೇರೆಯಾಗುತ್ತೆ. ಪೆಟ್ಟಿಗೆ ಒಂದು ಹೇಳಿ, ದೇವರಮನೆಯ ಪಂಚಾಂಗ ಇನ್ನೊಂದು ಹೇಳಿದರೆ ದೊಡ್ಡಮ್ಮನ ಪಾಲಿಗೆ ಸುಳ್ಳಾಗೋದು ಪೆಟ್ಟಿಗೆ.

* * *

ಇಷ್ಟೆಲ್ಲ ಆದಮೇಲೂ ಒಂದು ಕಷ್ಟ ಉಳಿದೇ ಇತ್ತು, ಮೌನ.

ಅಲೆಕ್ಸಾ ಏನನ್ನಾದರೂ ಕೇಳಿ ನಿಮ್ಮ ಉತ್ತರಕ್ಕೆ ಕಾಯೋದು 8 ಸೆಕೆಂಡು. ಬಾರದಿದ್ದರೆ ಇನ್ನೊಂದು ಸಲ ಕೇಳಿ ಮತ್ತೆ 8 ಸೆಕೆಂಡು ಕಾಯುತ್ತೆ, ಅಲ್ಲಿಗೆ ಮಾತುಕತೆ ಬರಖಾಸ್ತು. ಇದು ಮಾತು ಶುರುವಾಗೋಕೆ ಕಾಯೋದಾಯ್ತು. ಶುರುವಾದ ಮಾತು ಮುಗಿಯಿತೋ ಇಲ್ಲವೋ ಅಂತ ತಿಳಿಯೋದು ಇನ್ನೂ ಕಷ್ಟ. ಯಂತ್ರದ ಕಿವಿ ಸ್ವಲ್ಪ ಹೊತ್ತಿನ ಮೌನ ಸಿಕ್ಕಿದ ತಕ್ಷಣ ಮುಗೀತು ಅಂತ ತೀರ್ಮಾನಿಸಿಬಿಡುತ್ತೆ. ಎಷ್ಟು ಮೌನಕ್ಕೆ ನಿಲ್ಲಿಸಬೇಕು ಅಂತ ಹೇಳೋಕೆ ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ ಉಂಟು; ಕಿವಿ ಯಾರದು ಅನ್ನೋದರ ಮೇಲೆ ಅದು ಕೆಲಸ ಮಾಡದೆಯೂ ಇರಬಹುದು ಅಂತ ಅದರ ದಾಖಲೆಯಲ್ಲೇ ಬರೆದಿದ್ದಾರೆ!

ದೊಡ್ಡಮ್ಮ ಹೇಗೆ ಕೇಳ್ತಾರೆ ನೋಡಿ. “ಮೊನ್ನೆ ಹುಣ್ಣಿಮೆ ಆಯ್ತಲ್ಲ...” ಒಂದು ನಿಲುಗಡೆ. “ಅದೇ, ಸೀನು ಬಂದಿದ್ನಲ್ಲ ಅವತ್ತು...” ಇನ್ನೊಂದು ನಿಲುಗಡೆ. “ಅದಾದ್ಮೇಲೆ ಏಕಾದಶಿ...” ಕೊನೆಗೆ, “ಯಾವತ್ತು ಬಂತು?” ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರೋದು ಕಟ್ಟಕಡೆಗೆ. ಅಲ್ಲಿಯವರೆಗೆ ಕಾಯದೇ ಹೋದರೆ ಏನು ಕೇಳ್ತಿದ್ದಾರೆ ಅನ್ನೋದೇ ತಿಳಿಯೋಲ್ಲ. ಪೆಟ್ಟಿಗೆ ಹುಣ್ಣಿಮೆಯ ಹತ್ತಿರವೇ ಮಾತು ಕತ್ತರಿಸಿ “ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ” ಅನ್ನೋದು. ಅದು ಎರಡು ಸಲ ಹಾಗಂದರೆ ಸಾಕು, ದೊಡ್ಡಮ್ಮ ಸುಮ್ಮನಾಗೋರು. “ನನಗೇ ಸರಿಯಾಗಿ ಹೇಳೋಕೆ ಬರಲ್ಲ ಬಿಡು” ಅಂತ. ಕ್ಷಮೆ ಕೇಳಿದ್ದು ಯಂತ್ರ, ಪೆಟ್ಟು ಬಿದ್ದಿದ್ದು ಮನುಷ್ಯರಿಗೆ. ಕಣ್ಣು ಹೋದಮೇಲೆ ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದೇ ಮಾತನ್ನು. ಅದೂ ನನಗೆ ಬರಲ್ಲ ಅಂತ ಅವರಿಗೆ ಅನ್ನಿಸುವುದಾದರೆ ಆ ಆಪ್ ಇಲ್ಲದಿರೋದೇ ವಾಸಿ.

ಕತೆ ಹೇಳುವ ಅಜ್ಜಿಯರು ನೆನಪಿದ್ದಾರಾ? “ಒಂದಾನೊಂದು ಊರಲ್ಲಿ” ಅಂದ ಕೂಡಲೆ ಕೇಳುವ ಮಕ್ಕಳಲ್ಲಿ ಒಬ್ಬರು “ಹೂಂ” ಅನ್ನಬೇಕು. ಹೂಂಗುಟ್ಟೋರು ಇಲ್ಲದಿದ್ದರೆ ಕತೆ ಮುಂದಕ್ಕೆ ಹೋಗೋಲ್ಲ. “ಅರ್ಥವಾಯ್ತು” ಅಂತಲ್ಲ, “ಇಲ್ಲೇ ಇದ್ದೀನಿ, ಮುಂದೆ ಹೇಳು” ಅಂತ ಅದರರ್ಥ. ಪೆಟ್ಟಿಗೆಗೆ ಕಲಿಸಬೇಕಾದದ್ದು ಅದೇ ಅಲ್ಲವೇ?

ಕಿವಿ ಕೊಟ್ಟ ವಾಕ್ಯದಲ್ಲಿ ಪ್ರಶ್ನೆಯ ಪದವಾಗಲಿ, ಪ್ರಶ್ನೆಯ ಬಾಲವಾಗಲಿ, ಕ್ರಿಯಾಪದವಾಗಲಿ ಇಲ್ಲದೇ ಹೋದರೆ ಮಾತು ಮುಗಿದಿಲ್ಲ ಅಂತ ಲೆಕ್ಕ. ಆಗ ಕ್ಷಮಿಸಿ ಗಿಮಿಸಿ ಏನೂ ಇಲ್ಲ. ಮೆಲ್ಲಗೆ “ಹೂಂ” ಅಂದು ಮತ್ತೆ ಕಿವಿ ತೆರೆಯೋದು, ಹೊಸ ತುಂಡನ್ನು ಹಳೆಯದಕ್ಕೆ ಜೋಡಿಸೋದು. “ಆಯ್ತಲ್ಲ”, “ಬಂದಿದ್ನಲ್ಲ” ಥರ ‘ಅಲ್ಲ’ದಲ್ಲಿ ಮುಗಿದರೂ ಹೂಂ, ಅದು ಪ್ರಶ್ನೆ ಅಲ್ಲ, ಪೀಠಿಕೆ. ಯಂತ್ರದ ಬಾಯಿ ‘ಹೂಂ’ ಅನ್ನೋದನ್ನು ಒಂದನೇ ಕ್ಲಾಸಿನ ಮಗು ಪಾಠ ಓದಿದ ಹಾಗೆ ಓದುತ್ತಿತ್ತು. ಅದಕ್ಕೇ ಅತ್ತಿಗೆಯ ಹೂಂ ರೆಕಾರ್ಡ್ ಮಾಡಿ ಹಾಕಿದೆ. ಅಡುಗೆ ಮಾಡುತ್ತಾ ಅತ್ತೆಯ ಮಾತಿಗೆ ದಿನಾ ಹೂಂಗುಟ್ಟಿ ಪಳಗಿದ ಹೂಂ ಅದು, ನಿಖರವಾಗಿತ್ತು :-)

ಗುಂಡಿ ಹುಡುಕುವ ಕಷ್ಟ ಬೇಡ ಅಂತ ಫೋನಿನ ಇಡೀ ಪರದೆಯನ್ನೇ ಒಂದು ಗುಂಡಿ ಮಾಡಿದೆ, ಎಲ್ಲಿ ಮುಟ್ಟಿದರೂ ಕೇಳಿಸಿಕೊಳ್ಳುತ್ತೆ. ದೊಡ್ಡಮ್ಮ ಮುಟ್ಟಿದರು, “ಮೊನ್ನೆ ಹುಣ್ಣಿಮೆ ಆಯ್ತಲ್ಲ” ಅಂದರು. “ಹೂಂ” ಅಂತು. ಮುಖ ಸ್ವಲ್ಪ ಅರಳಿತು. ಪೂರ್ತಿ ಕೇಳಿದರು. “ಏಕಾದಶಿ ಬುಧವಾರ. ಪಾರಣೆ ಸಮಯ ಹೇಳಲೋ ಬೇಡವೋ?” ಅಂತು. “ಹೇಳೇ ತಾಯಿ” ಅಂದರು ದೊಡ್ಡಮ್ಮ. ಪೆಟ್ಟಿಗೆಯದು ಹೆಣ್ಣಿನ ದನಿ. ಅದು ಇವರಿಗೆ ನೀವು ಅನ್ನುತ್ತೆ, ಇವರು ಅದಕ್ಕೆ ಏನೇ, ಬಾರೇ ಅಂತಾರೆ. ಹಿರಿಯರು ಕಿರಿಯರು ಅನ್ನುವ ಲೆಕ್ಕ ಎರಡೇ ಮಾತಿನಲ್ಲಿ ಇತ್ಯರ್ಥವಾಯಿತು.

* * *

ಇಲ್ಲಿಗೆ ಕತೆ ಮುಗಿದಿದ್ದರೆ ಸುಖಾಂತ್ಯ. ಆದರೆ ಹೂಂಗುಟ್ಟೋರು ಸಿಕ್ಕರೆ ಯಾರು ತಾನೆ ಏಕಾದಶಿಗೇ ನಿಲ್ಲಿಸುತ್ತಾರೆ? ಕೆಲವು ದಿನ ಕಳೆದಮೇಲೆ ಅತ್ತಿಗೆ ಫೋನ್ ಮಾಡಿ, “ನಿಮ್ಮ ದೊಡ್ಡಮ್ಮ ಅದರ ಹತ್ತಿರ ಕಾಲುನೋವಿನ ವಿಚಾರ ಮಾತಾಡ್ತಿದ್ರು ಕಣಪ್ಪ” ಅಂದರು. ಒಂದು ತುಂಡು ಮಾತು, ಒಂದು ಹೂಂ. ಇನ್ನೊಂದು ತುಂಡು, ಇನ್ನೊಂದು ಹೂಂ.

ನನಗೆ ಎಲಿಜಾ ನೆನಪಾಯಿತು. ಅದು ಬರೀ ಪ್ರೋಗ್ರಾಮು ಅಂತ ಚೆನ್ನಾಗಿ ಗೊತ್ತಿದ್ದ ತಮ್ಮ ಸೆಕ್ರೆಟರಿಯೇ, ಎಲಿಜಾ ಜೊತೆ ಮಾತಾಡೋಕೆ ಶುರುಮಾಡಿ ಸ್ವಲ್ಪ ಹೊತ್ತಿಗೆಲ್ಲ “ನೀವು ಸ್ವಲ್ಪ ಹೊರಗೆ ಹೋಗ್ತೀರಾ” ಅಂತ ತಮ್ಮನ್ನೇ ಕೇಳಿದರು ಅಂತ ವೈಜನ್‌ಬಾಮ್ 1976ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಕಟ್ಟಿದವರೇ ಬೆಚ್ಚಿಬಿದ್ದು, ಯಂತ್ರಗಳಿಗೆ ಯಾವ ಕೆಲಸ ವಹಿಸಬಾರದು ಅಂತ ಮುಂದೆ ವಾದಿಸಿದವರು ಅವರು. ಅರ್ಥವಾಗದ ಹೂಂ ಪ್ರಶ್ನೆ ಮುಗಿಯುವ ತನಕ ಉಪಕಾರ. ನೋವು ಹೇಳಿಕೊಳ್ಳುವಾಗಲೂ ಅದೇ ಹೂಂ ಅಂದರೆ ಅದು ಮೋಸ ಅಂತ ನನಗನ್ನಿಸುತ್ತೆ. ಕೇಳುವವರು ಯಾರೂ ಇಲ್ಲದ ಕಡೆ ಯಾರೋ ಕೇಳ್ತಿದ್ದಾರೆ ಅನ್ನಿಸುವ ಹಾಗೆ ಮಾಡೋದು.

ನೀವನ್ನಬಹುದು, ಈಗ ಚಾಟ್‌ಜಿಪಿಟಿ ಥರದ್ದೆಲ್ಲ ಬಂದಿದೆಯಲ್ಲ, ಇಂಟೆಂಟು ಸ್ಲಾಟು ಯಾರಿಗೆ ಬೇಕು ಅಂತ. ನಿಜ. ಈಚೆಗೆ ಅಂಥದ್ದೊಂದಕ್ಕೆ ಅಕ್ಕಿ ನೆನೆಹಾಕುವ ಪ್ರಶ್ನೆ ಕೊಟ್ಟು, ಮನೆಯ ಪದ್ಧತಿ ಎರಡು ಸಾಲಿನಲ್ಲಿ ವಿವರಿಸಿದರೆ, ಕೇಳ್ತಿರೋದು ಏಕಾದಶಿ ಅಂತ ತಾನೇ ಊಹಿಸಿತು. ಬೆರಗಾದೆ. ಅದನ್ನೇ ತಾರೀಕು ಕೇಳಿದರೆ ಅಷ್ಟೇ ಧೈರ್ಯವಾಗಿ ತಪ್ಪು ತಾರೀಕು ಹೇಳಿತು! ಹಾಗಾಗಿ ಏನು ಕೇಳ್ತಿದ್ದಾರೆ ಅಂತ ಊಹಿಸೋಕೆ ಅದನ್ನು ಬಳಸಬಹುದು, ಉತ್ತರ ಮಾತ್ರ ಟೈಪ್ ಮಾಡಿಟ್ಟ ಪಂಚಾಂಗದಿಂದಲೇ ಬರಬೇಕು. ಇನ್ನು ಹೂಂ ಅನ್ನೋದರಲ್ಲಿ ಅದು ನನ್ನ ಪೆಟ್ಟಿಗೆಗಿಂತ ನೂರು ಪಾಲು ಜಾಣ. ಕಾಲುನೋವಿಗೆ ಸಮಾಧಾನವನ್ನೂ ಹೇಳುತ್ತೆ. ಎಲ್ಲಿ ನಿಲ್ಲಬೇಕು ಅನ್ನುವ ಪ್ರಶ್ನೆ ಅದರಿಂದ ಚಿಕ್ಕದಾಗೋಲ್ಲ, ದೊಡ್ಡದಾಗುತ್ತೆ.

ಈ ಕಿವಿಗಳು ಕನ್ನಡ ಕಲಿತಿದ್ದಾದರೂ ಎಲ್ಲಿ? ನಮ್ಮಂಥವರ ಬಾಯಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಬೇರೆ ಬೇರೆ ಪ್ರದೇಶಗಳ ಆಡುಮಾತಿನಲ್ಲಿ ದನಿ ಸಂಗ್ರಹಿಸಿದೆ. ಕಾರ್ಯ ಅನ್ನುವ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಅದಕ್ಕೆ ಕೂಲಿ ಕೊಡುವುದರ ಬಗ್ಗೆ 2023ರಲ್ಲಿ ಟೈಮ್ ಪತ್ರಿಕೆ ಬರೆದಿತ್ತು. ಓದಿದ ವಾಕ್ಯದಲ್ಲಿ ನಿಲುಗಡೆ ಕಡಿಮೆ, ಪೀಠಿಕೆ ಇಲ್ಲ, ಸೀನು ಬರೋದಿಲ್ಲ. ಅದಕ್ಕೇ ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಡುವ ಅತ್ತಿಗೆಯಂಥವರು ಇನ್ನೂ ಬೇಕು.

ಸರಿ, ದೊಡ್ಡಮ್ಮನ ಪೆಟ್ಟಿಗೆಗೆ ಏನು ಮಾಡಿದೆ? ಹೂಂಗಳಿಗೆ ಮೂರರ ಮಿತಿ ಹಾಕಿದೆ. ಮೂರು ಹೂಂ ಆದರೂ ದಿನ, ತಿಥಿ, ಹಬ್ಬದ ಸುಳಿವೇ ಬಾರದಿದ್ದರೆ ಅದು ಹೀಗನ್ನುತ್ತೆ: “ನನಗೆ ಪಂಚಾಂಗ ಬಿಟ್ಟು ಬೇರೇನೂ ತಿಳಿಯೋಲ್ಲ ದೊಡ್ಡಮ್ಮ. ಬೆಂಗಳೂರಿಗೆ ಫೋನ್ ಮಾಡಲೋ, ಬೇಡವೋ?” ಬೆಂಗಳೂರು ಅಂದರೆ ನಾನು. “ಮಾಡು” ಅಂದರೆ ಇಲ್ಲಿ ನನ್ನ ಫೋನ್ ಹೊಡೆದುಕೊಳ್ಳುತ್ತೆ. ಇಡೀ ಪ್ರೋಗ್ರಾಮಿನಲ್ಲಿ ನನಗೆ ಹೆಮ್ಮೆಯಿರೋದು ಆ ಹತ್ತು ಸಾಲಿನ ಕೋಡಿನ ಬಗ್ಗೆ. ಕೆಲವು ಸಲ ಮೀಟಿಂಗ್ ನಡುವೆ ಬರುತ್ತೆ. ಎದ್ದು ಹೊರಗೆ ಹೋಗ್ತೀನಿ. ಮೊನ್ನೆ ಬಂದಾಗ ಕಾಲುನೋವಿನ ಮಾತೇ ಬರಲಿಲ್ಲ. “ನಿನ್ನ ಪೆಟ್ಟಿಗೆ ಶನಿವಾರ ಅಂತಿದೆ, ಸರಿಯಾಗಿ ಟೈಪ್ ಮಾಡಿದ್ದೀಯೇನೋ?” ಅಂತ ವಿಚಾರಣೆ! ಪಂಚಾಂಗ ತೆರೆದು ನೋಡಿ, ಸರಿಯಿದೆ ಅಂದೆ. “ಹೂಂ” ಅಂದರು.

ನಿಮ್ಮಲ್ಲಿ ಯಾರಾದರೂ ಇಂಥದ್ದು ಕಟ್ಟುವ ಯೋಚನೆಯಲ್ಲಿದ್ದರೆ ಲ್ಯಾಪ್‌ಟಾಪ್ ತೆರೆಯೋಕೆ ಮುಂಚೆ ಒಂದು ಹಳೆಯ ಕ್ಯಾಲೆಂಡರ್ ಹಾಳೆ ತಿರುಗಿಸಿ ಗೋಡೆಗೆ ನೇತುಹಾಕಿ. ಅಮಾವಾಸ್ಯೆ ಇರಬಹುದು, ಸಂತೆಯ ದಿನ ಇರಬಹುದು, ಹಾಲಿನ ಲೆಕ್ಕ ಇರಬಹುದು, ನಿಮ್ಮ ಮನೆಯಲ್ಲಿ ಅದನ್ನು ಹೇಗೆ ಕೇಳ್ತಾರೆ ಅಂತ ಒಂದು ತಿಂಗಳು ಬರೆದಿಡಿ, ತಿದ್ದಬೇಡಿ. ಧಾರವಾಡದ ಕಡೆಯವರು, ಮಂಗಳೂರಿನ ಕಡೆಯವರು ಇದ್ದರೆ ನನಗೂ ಎರಡು ಸಾಲು ತಿಳಿಸಿ. ನನ್ನ ಮೂರನೇ ಪುಟದಲ್ಲಿ ಇನ್ನೂ ಜಾಗ ಇದೆ.